ಹನ್ನಾಳ ತೂಕ

ನವೆಂಬರ್ ೫, ೨೦೨೪. ಮಧ್ಯಾಹ್ನ ೨

ಹನ್ನೊಂದು ಮಕ್ಕಳೂ ಮಲಗಿದವು. ನನ್ನ ಮಗಳು ಹನ್ನಾ ಕೂಡ, ನನ್ನ ಸೆರಗು ಹಿಡಿದುಕೊಂಡೇ. ಸಹಾಯಕಿ ರೇಣವ್ವ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ. ಅಂಗನವಾಡಿಯಲ್ಲಿ ಈ ಒಂದು ಗಂಟೆ ಮಾತ್ರ ನನ್ನದು. ಕಿಟಕಿಯಾಚೆ ಜೋಳ, ಜೋಳದಾಚೆ ಗಜೇಂದ್ರಗಡದ ಗುಡ್ಡ. ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನವಾಗಿ... ನೋಡುತ್ತಿದ್ದರೆ ನನ್ನ ಕಣ್ಣೂ ಎಳೆಯುತ್ತವೆ.

ಇವತ್ತು ತಿಂಗಳ ತೂಕ. ಹತ್ತು ಮಕ್ಕಳದ್ದು ಮೊಬೈಲ್ ಆಪ್‌ಗೆ ಹಾಕಿ ಆಯಿತು. ಕಳಕವ್ವನ ಮಗಳು ಭಾಗ್ಯಾ ೯.೩ ಕೆ.ಜಿ. ಹಳದಿ ಬಣ್ಣ ಬಂತು — ವಯಸ್ಸಿಗೆ ಕಡಿಮೆ. ಹನ್ನಾಳದ್ದು ಇನ್ನೂ ಹಾಕಿಲ್ಲ. ೯.೧. ಹಾಕಿದರೆ ಅವಳೂ ಹಳದಿ. ಇಬ್ಬರೂ ಒಂದೇ ವಾರ ಹುಟ್ಟಿದವರು, ಎರಡು ವರ್ಷ ನಾಲ್ಕು ತಿಂಗಳು.

ಊರ ತಾಯಂದಿರಿಗೆಲ್ಲ ಮೊಟ್ಟೆ ಕೊಡಿ, ಶೇಂಗಾ ಕೊಡಿ ಅಂತ ಹೇಳುವ ಅಂಗನವಾಡಿ ಅಕ್ಕೋರು ನಾನು. ಊರಲ್ಲಿ ಒಂದೇ ಒಂದು ಕ್ರೈಸ್ತರ ಮನೆ, ಅದೂ ನಮ್ಮದು. ಎಲ್ಲರ ಕಣ್ಣೂ ಇತ್ತಲೇ ಇರುತ್ತವೆ ಅಂತ ಯಾವಾಗಲೂ ಅನ್ನಿಸುತ್ತದೆ.

ನಾಳೆ ಹಾಕುತ್ತೇನೆ.

ನವೆಂಬರ್ ೧೦, ಭಾನುವಾರ

ರೋಣದ ಪ್ರಾರ್ಥನಾ ಕೂಟಕ್ಕೆ ಹೋಗಿಬಂದೆವು. ಬೆಟಗೇರಿಯಿಂದ ಅವ್ವ ಬಂದಿದ್ದಳು, ಅಕ್ಕ ಕವಿತಾಳೂ. ಕವಿತಾಳ ಮಗಳು ಜೆನ್ನಿ ಹನ್ನಾಗಿಂತ ಹತ್ತೇ ದಿನ ದೊಡ್ಡವಳು. ಎದ್ದು ನಿಂತು, ಕೈ ಮುಗಿದು, ಪೂರ್ತಿ ಪ್ರಾರ್ಥನೆ ಹೇಳಿದಳು. ಎಲ್ಲರೂ ಆಮೆನ್ ಅಂದರು.

ಹನ್ನಾಳನ್ನು ಒಬ್ಬರಿಂದ ಒಬ್ಬರು ಎತ್ತಿಕೊಂಡರು. ಎತ್ತಿದವರೆಲ್ಲ ಅದನ್ನೇ ಅಂದರು — "ಎಷ್ಟ ಹಗರ ಅದಾಳ." ಅವ್ವ ಅಂದಳು, "ಜೆನ್ನಿ ನೋಡು, ಎತ್ತಿದ್ರ ಸೊಂಟಾ ನೋಯತೈತಿ. ನಿನ್ನ ಕೂಸಿಗೆ ಏನ್ ಹಾಕ್ತೀಯವಾ?"

ಕವಿತಾ ಏನೂ ಅನ್ನಲಿಲ್ಲ. ನಕ್ಕಳು ಅಷ್ಟೇ. ಅನ್ನದೆ ಇದ್ದದ್ದೇ ಹೆಚ್ಚು ಕೇಳಿಸಿತು.

ಕೊನೆಯ ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ನಾನು ಬೇಡಿದ್ದು ಹನ್ನಾಳ ಆರೋಗ್ಯವನ್ನಲ್ಲ. ಕವಿತಾಳಿಗೆ ಹೇಳಬಹುದಾದ ಒಂದು ಅಂಕಿ. ಇದನ್ನು ಇಲ್ಲಿ ಮಾತ್ರ ಬರೆಯಬಲ್ಲೆ.

ನವೆಂಬರ್ ೧೨. ಮಧ್ಯಾಹ್ನ ೨.೧೫

೧೦.೯ ಅಂತ ಹಾಕಿದೆ.

ಹಸಿರು ಬಂತು. ಎಷ್ಟು ಸುಲಭ. ಗೋಡೆಯ ಚಾರ್ಟ್‌ನಲ್ಲೂ ಚುಕ್ಕೆ ಇಟ್ಟೆ. ಆಪ್‌ನ ಸ್ಕ್ರೀನ್‌ಶಾಟ್ ಫ್ಯಾಮಿಲಿ ಗ್ರೂಪಿಗೆ ಕಳಿಸಿದೆ. ಅವ್ವ ಕೈ ಮುಗಿದ ಚಿತ್ರ ಹಾಕಿದಳು. ಕವಿತಾ ಹಾರ್ಟ್.

ನವೆಂಬರ್ ೧೩. ಮಧ್ಯಾಹ್ನ

ಮಕ್ಕಳ ಜೊತೆ ಗೋಡೆಗೆ ಒರಗಿ ಕೂತಲ್ಲೇ ಕಣ್ಣು ಹತ್ತಿತು. ಕನಸು. ಗುಡ್ಡದ ಗಾಳಿಯಂತ್ರದ ರೆಕ್ಕೆಗಳಿಗೆ ತೂಕದ ಜೋಳಿಗೆ ಕಟ್ಟಿದ್ದಾರೆ. ಒಂದೊಂದರಲ್ಲೂ ಊರಿನ ಒಂದೊಂದು ಮಗು. ಸುತ್ತುತ್ತಿವೆ, ಯಾರೂ ಅಳುತ್ತಿಲ್ಲ. ನಾನು ಕೆಳಗೆ ಪೆನ್ನು ಹಿಡಿದು ನಿಂತಿದ್ದೇನೆ. ಅಂಕಿ ಹೇಳ್ರಿ, ಅಂಕಿ ಹೇಳ್ರಿ ಅಂತ ಕೂಗುತ್ತೇನೆ. ಮಕ್ಕಳು ನಗುತ್ತ ಮೇಲೆ ಹೋಗುತ್ತವೆ. ಹನ್ನಾ ಯಾವ ಜೋಳಿಗೆಯಲ್ಲಿ ಅಂತ ಗೊತ್ತಾಗಲಿಲ್ಲ. ಎಲ್ಲ ಮುಖವೂ ಅವಳ ಮುಖದಂತೆಯೇ ಇತ್ತು.

ಎದ್ದಾಗ ಸೆರಗು ಅವಳ ಮುಷ್ಟಿಯಲ್ಲಿ.

ನವೆಂಬರ್ ೨೬

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ ಅಂದುಕೊಂಡೆ.

ಕಳಕವ್ವನ ಅತ್ತೆ ದೇವವ್ವ ಇವತ್ತು ಮೊಮ್ಮಗಳನ್ನು ಬಿಡಲು ತಾನೇ ಬಂದಳು. ಗೋಡೆಯ ಚಾರ್ಟ್ ಮುಂದೆ ನಿಂತು ನನ್ನನ್ನು ಕರೆದಳು. "ಇದ್ರಾಗ ನಮ್ಮ ಭಾಗ್ಯಾ ಎಲ್ಲಿ, ನಿಮ್ಮ ಹನ್ನಾ ಎಲ್ಲಿ? ತೋರಸ್ರಿ." ತೋರಿಸಿದೆ. ಎರಡು ಚುಕ್ಕೆಗಳ ನಡುವೆ ಬೆರಳಿಟ್ಟು ಅಳೆದಳು. ಅದೇ ಬೆರಳು ಮಡಚಿಕೊಂಡು ಹೋದಳು.

ಸಂಜೆ ಕಳಕವ್ವ ಬಂದಳು. ಇಪ್ಪತ್ತೆರಡು ವರ್ಷ ಇರಬಹುದು. ಬಾಗಿಲಲ್ಲೇ ನಿಂತಳು.

"ಅಕ್ಕೋರ, ನೀವು ಹನ್ನಾಗ ಏನ್ ತಿನ್ನಸ್ತೀರಿ?"

"ಯಾಕ?"

"ಅತ್ತಿ ಅಂತಾಳ್ರಿ, ಒಂದ ವಾರ ಹುಟ್ಟಿದ್ವು, ಅಕ್ಕೋರ ಕೂಸು ಹನ್ನೊಂದಕ್ಕ ಬಂದೈತಿ, ನಿನ್ನ ಕೈಯಾಗ ಏನೋ ಕಡಿಮಿ ಐತಿ ಅಂತ."

ಆಗಲೇ ಹೇಳಬಹುದಿತ್ತು. ಬಾಯಿ ತೆರೆದದ್ದೂ ನಿಜ. ಹೇಳಿದ್ದು ಮಾತ್ರ ಬೇರೆ — ಬಾಳೆಹಣ್ಣು, ಬೆಣ್ಣೆ, ರಾಗಿ ಗಂಜಿ, ದಿನಕ್ಕೆ ಐದು ಸಲ. ಅವಳು ಬೆರಳು ಮಡಚಿ ಎಣಿಸಿಕೊಂಡಳು. ಹನ್ನಾ ಬಾಳೆಹಣ್ಣು ಉಗುಳುತ್ತಾಳೆ, ಬೆಣ್ಣೆ ಮುಟ್ಟುವುದಿಲ್ಲ. ಅದು ಕಳಕವ್ವನಿಗೆ ಹೇಗೆ ಗೊತ್ತಾಗಬೇಕು?

ಡಿಸೆಂಬರ್ ೪. ಮಧ್ಯಾಹ್ನ ೨

ತೂಕದ ದಿನ. ಹನ್ನಾ ೯.೦. ಕಳೆದ ತಿಂಗಳಿಗಿಂತ ಕಡಿಮೆ. ಅವಳನ್ನೂ ಹಿಡಿದು ಹಿಡಿದು ತಿನ್ನಿಸುತ್ತಿದ್ದೇನೆ. ಚಮಚ ಕಂಡರೆ ಈಗ ಮುಖ ಮುಚ್ಚಿಕೊಳ್ಳುತ್ತಾಳೆ.

ರೇಣವ್ವ ಜೋಳಿಗೆ ಹಿಡಿದಿದ್ದಳು. ನಾನು ೧೧.೧ ಅಂತ ಬರೆಯುವುದನ್ನು ನೋಡಿದಳು.

"ಅಕ್ಕೋರ, ಮುಳ್ಳು ಅಲ್ಲಿಲ್ರಿ."

"ತಕ್ಕಡಿ ಕೆಟ್ಟೈತಿ."

"ಬಾಕಿ ಮಕ್ಕಳಿಗೆ ಕೆಟ್ಟಿಲ್ರಿ?"

ನಾನು ಮುಂದಿನ ಮಗುವನ್ನು ಕರೆದೆ. ರೇಣವ್ವ ಹನ್ನಾಳನ್ನು ಇಳಿಸಿ, ಅವಳ ಫ್ರಾಕ್ ಸರಿ ಮಾಡಿ, ತಲೆಯ ಮೇಲೆ ಒಂದು ಗಳಿಗೆ ಕೈ ಇಟ್ಟಳು.

ಭಾಗ್ಯಾ ಮೂರು ದಿನದಿಂದ ಬಂದಿಲ್ಲ. ಊಟ ರೂಢಿ ಮಾಡಿಸುತ್ತಿದ್ದಾರಂತೆ ಮನೆಯಲ್ಲಿ.

ಡಿಸೆಂಬರ್ ೯. ಸಂಜೆ, ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ಬರೆಯದಿದ್ದರೆ ಉಸಿರು ಬರುವುದಿಲ್ಲ.

ಬೆಳಿಗ್ಗೆ ರೇಣವ್ವ ಓಡಿ ಬಂದು ಹೇಳಿದಳು. ಕಳಕವ್ವ ನಿನ್ನೆ ಭಾಗ್ಯಾಳನ್ನು ಕಾಲ ಮೇಲೆ ಮಲಗಿಸಿಕೊಂಡು, ಮೂಗು ಹಿಡಿದು, ಗಂಜಿ ಕುಡಿಸಿದ್ದಾಳೆ. ನೆತ್ತಿಗೆ ಹತ್ತಿದೆ. ಮಗು ನೀಲಿಯಾಗಿದೆ. ರೋಣದ ದವಾಖಾನೆಗೆ ಒಯ್ದಿದ್ದಾರೆ.

ಹೋದೆ. ಹನ್ನಾಳನ್ನು ಎತ್ತಿಕೊಂಡೇ ಹೋದೆ. ಭಾಗ್ಯಾಳ ಮೂಗಿಗೆ ಆಕ್ಸಿಜನ್ ನಳಿಕೆ, ಎದೆ ಬೇಗ ಬೇಗ ಏಳುತ್ತಿತ್ತು. ಗಂಜಿ ಪುಪ್ಪುಸಕ್ಕೆ ಇಳಿದಿದೆ, ಎರಡು ದಿನ ಕಾಯಬೇಕು ಅಂದರು ಡಾಕ್ಟರ್. ಕಳಕವ್ವ ನೆಲದ ಮೇಲೆ ಕೂತಿದ್ದಳು. ನನ್ನನ್ನು ಕಂಡು ಎದ್ದಳು.

"ನೀವು ಹೇಳಿದಂಗ ಐದ ಸಲ ಮಾಡಿದ್ನಿರಿ ಅಕ್ಕೋರ. ಹನ್ನಾನಷ್ಟು ಆಗ್ಲಿ ಅಂತ. ನಾನಽ ತಪ್ಪ ಮಾಡಿದ್ನೇನ್ರಿ?"

ನನ್ನ ಹೆಗಲ ಮೇಲೆ ಹನ್ನಾ ಮಲಗಿದ್ದಳು. ಅವಳ ಭಾರವೇ ತಿಳಿಯುತ್ತಿರಲಿಲ್ಲ.

"ಇಲ್ಲ," ಅಂದೆ. ಅಷ್ಟೇ ಅಂದು ಬಂದೆ.

ಅಸೂಟಿ ದಾಟಿತು ಬಸ್ಸು. ಬಿಸಿಲು ಹೊಲದ ಮೇಲೆ ಮಲಗಿದೆ. ಎಲ್ಲವೂ ನೀರಿನೊಳಗೆ ಇದ್ದ ಹಾಗೆ...

ಡಿಸೆಂಬರ್ ೧೦. ಬೆಳಿಗ್ಗೆ ೧೧

ನಿನ್ನೆ ರಾತ್ರಿ ಊಟದ ಹೊತ್ತಿಗೆ ಗಂಡ ಪ್ರಭಾಕರನಿಗೆ ಹೇಳಿದೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಅವನು, ಮಾತು ಕಡಿಮೆ. ಕೈ ತೊಳೆದು ಬಂದು ಕೂತ. "ಸಲೋಮಿ, ಆಕಿ ತನ್ನ ಮ್ಯಾಲ ತಪ್ಪ ಹೊತಗೊಂಡು ಕುಂತಾಳ. ಮೊದಲ ಅದನ್ನ ಇಳಸು," ಅಂದ. ಇವತ್ತು ಮೊದಲ ಬಸ್ಸಿಗೆ ನನ್ನನ್ನು ತಾನೇ ಹತ್ತಿಸಿ ಹೋದ.

ದವಾಖಾನೆಯ ಹಿಂದೆ ನಲ್ಲಿಯ ಹತ್ತಿರ ಕಳಕವ್ವ ಸಿಕ್ಕಳು. ಬಟ್ಟೆ ಹಿಂಡುತ್ತಿದ್ದಳು. ನಿಂತೇ ಹೇಳಿದೆ. ಹನ್ನಾ ಹನ್ನೊಂದಿಲ್ಲ, ಒಂಬತ್ತು. ನಾನು ಸುಳ್ಳು ಬರೆದೆ. ತಿನ್ನಿಸುತ್ತೇನೆ ಅಂದದ್ದೂ ಸುಳ್ಳು. ನಿನ್ನ ಕೈಯಲ್ಲಿ ಏನೂ ಕಡಿಮೆ ಇಲ್ಲ.

ನೀರು ಬೀಳುತ್ತಲೇ ಇತ್ತು. ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡುತ್ತ ಅಂದಳು:

"ಹಂಗಾರ ನನ್ನ ಮಗಳು ನಿಮ್ಮ ಮಗಳಕಿಂತ ಜಾಸ್ತೀನಽ ಇದ್ಳು."

"ಹೌದು. ಇನ್ನೂರು ಗ್ರಾಂ."

"ಯಾಕ್ ಬರದ್ರಿ?"

ಅಕ್ಕನ ಮಗಳ ವಿಷಯ ಹೇಳಿದೆ. ಹೇಳುತ್ತ ಹೋದಂತೆ ಅದು ಸಣ್ಣದಾಗುತ್ತ ಹೋಯಿತು. ಇಷ್ಟಕ್ಕೇನಾ ಅಂತ ನನಗೇ ಅನ್ನಿಸಿತು. ಕಳಕವ್ವ ನಲ್ಲಿ ನಿಲ್ಲಿಸಿದಳು.

"ಹೋಗ್ರಿ ಅಕ್ಕೋರ. ಈಗ ನಿಮ್ಮ ಮಾರಿ ನೋಡಾಕ ಆಗವಲ್ದು."

ಬಂದೆ.

ಡಿಸೆಂಬರ್ ೧೨

ಭಾಗ್ಯಾಳ ನಳಿಕೆ ತೆಗೆದರಂತೆ. ರೇಣವ್ವ ಹೇಳಿದಳು. ಮಂಡಿಯೂರಿದೆ. ಏನೂ ಬೇಡದ ಪ್ರಾರ್ಥನೆ ಎಷ್ಟು ವರ್ಷದ ಮೇಲೆ.

ಡಿಸೆಂಬರ್ ೧೭

ತಾಯಂದಿರ ಸಭೆ. ಅದಕ್ಕೂ ಮೊದಲೇ ಸೂಪರ್‌ವೈಸರ್‌ಗೆ ಫೋನಿನಲ್ಲಿ ಎಲ್ಲ ಹೇಳಿದ್ದೆ. ನೋಟಿಸ್ ಬರುತ್ತದೆ, ಲಿಖಿತವಾಗಿ ಉತ್ತರಿಸಬೇಕು. ಬರಲಿ.

ಹದಿನಾಲ್ಕು ಹೆಂಗಸರು ಕೂತಿದ್ದರು. ದೇವವ್ವನೂ. ಹನ್ನಾಳನ್ನು ಜೋಳಿಗೆಯಲ್ಲಿ ಕೂರಿಸಿದೆ. ಬಸಮ್ಮನಿಗೆ ಓದು ಬರುತ್ತದೆ, ಅವಳನ್ನೇ ಕರೆದು ಮುಳ್ಳು ನೋಡಿಸಿದೆ. "ಒಂಬತ್ತರಿ," ಅಂದಳು. ಗೋಡೆಯ ಚುಕ್ಕೆ ಅಳಿಸಿ ಕೆಳಗೆ ಇಟ್ಟೆ. ಯಾಕೆ, ಏನು ಅಂತ ಹೇಳಿದೆ.

ಹನ್ನಾ ಮಾತ್ರ ಜೋಳಿಗೆಯಲ್ಲಿ ತೂಗಾಡುತ್ತ ಎಲ್ಲರನ್ನೂ ನೋಡಿ ನಗುತ್ತಿದ್ದಳು. ಇಳಿಯಲು ಒಪ್ಪಲಿಲ್ಲ.

ದೇವವ್ವ ಸೆರಗು ಹೊದ್ದು ಎದ್ದಳು. ಬಾಗಿಲ ತನಕ ಹೋಗಿ ನಿಂತಳು. "ನಾನೂ ಆ ಗ್ವಾಡಿ ನೋಡೇ ಆಕೀನ ಬೈದ್ನಿ," ಅಂದಳು. ನನಗೆ ಅಂದಳೋ, ಬಾಗಿಲಿಗೋ. ಹೋದಳು.

ಸಂಜೆ ಫ್ಯಾಮಿಲಿ ಗ್ರೂಪಿನಲ್ಲಿ ಬರೆದೆ: ನವೆಂಬರಿನಲ್ಲಿ ಕಳಿಸಿದ್ದು ಸುಳ್ಳು, ಹನ್ನಾ ಒಂಬತ್ತು ಕೆ.ಜಿ. ಎಲ್ಲರೂ ನೋಡಿದರು, ಯಾರೂ ಬರೆಯಲಿಲ್ಲ.

ಡಿಸೆಂಬರ್ ೨೦

ಹನ್ನಾಳನ್ನು ಡಾಕ್ಟರಿಗೆ ತೋರಿಸಿದೆವು. ರಕ್ತ ಕಡಿಮೆ, ಹೊಟ್ಟೆಯಲ್ಲಿ ಹುಳು. ಸಿರಪ್ ಕೊಟ್ಟರು. ಹಸಿರು ಅಂತ ಬರೆದ ಮಗಳನ್ನು ಯಾವ ಬಾಯಿಂದ ದವಾಖಾನೆಗೆ ಒಯ್ಯುತ್ತಿದ್ದೆ? ಒಯ್ಯುತ್ತಲೇ ಇರಲಿಲ್ಲ.

ಡಿಸೆಂಬರ್ ೨೫, ಕ್ರಿಸ್ಮಸ್. ಮಧ್ಯಾಹ್ನ

ಬೆಟಗೇರಿ, ಅವ್ವನ ಮನೆ. ಕರ್ಚಿಕಾಯಿ ತಿಂದು ಎಲ್ಲರೂ ಅಲ್ಲಲ್ಲೇ ಉರುಳಿದ್ದಾರೆ. ಹೊರಗೆ ಯಾರದೋ ಮಗ್ಗ ಇನ್ನೂ ಬಡಿಯುತ್ತಿದೆ.

ಅಡುಗೆಮನೆಯಲ್ಲಿ ಕವಿತಾ ಕೇಳಿದಳು. "ನನಗ ತೋರ್ಸಾಕ ಬರದೇನು?"

"ಹೂಂ."

"ನಾ ಎಂದರ ಏನರ ಅಂದಿದ್ನ್ಯಾ?"

"ಇಲ್ಲ."

ಅವಳು ಚಟ್ಟಿಗೆ ಎಣ್ಣೆ ಸುರಿದಳು. "ಹಂಗಾರ ಇಷ್ಟ ದಿನ ಯಾರ ಜೋಡಿ ಜಗಳಾಡಿದಿ?" ಸಿಟ್ಟಿನಿಂದ ಅಲ್ಲ. ತಿಳಿದುಕೊಳ್ಳಬೇಕು ಅನ್ನುವ ಹಾಗೆ.

ಆಮೇಲೆ ಜೆನ್ನಿ ಬಂದು ನನ್ನ ಮಡಿಲಲ್ಲಿ ಕೂತಳು. ಭಾರ ಇದ್ದಾಳೆ, ಬೆಚ್ಚಗಿದ್ದಾಳೆ. ಬಲಗಣ್ಣಿನ ಕೆಳಗೆ ಒಂದು ಸಣ್ಣ ಕಂದು ಮಚ್ಚೆ. ಎರಡೂವರೆ ವರ್ಷದಲ್ಲಿ ಮೊದಲ ಸಲ ಕಂಡಿತು. ಇಷ್ಟು ದಿನ ಈ ಮಗುವನ್ನು ನಾನು ನೋಡಿಯೇ ಇರಲಿಲ್ಲ. ಮಚ್ಚೆ ಮುಟ್ಟಿದೆ. ಅವಳು ನನ್ನ ಮೂಗು ಮುಟ್ಟಿದಳು.

ಜನವರಿ ೬, ೨೦೨೫

ಭಾಗ್ಯಾ ಮನೆಗೆ ಬಂದು ಮೂರು ವಾರ. ಅಂಗನವಾಡಿಗೆ ಕಳಿಸುತ್ತಿಲ್ಲ. ಎರಡು ಸಲ ಹೋದೆ, ಬಾಗಿಲ ತನಕ. ಮೊದಲ ಸಲ ಕಳಕವ್ವ ಒಳಗಿಂದ ಬರಲಿಲ್ಲ. ಎರಡನೇ ಸಲ ಬಂದು, ಆಹಾರದ ಪೊಟ್ಟಣ ಈಸಿಕೊಂಡು, ಒಳಗೆ ಹೋದಳು.

ಹನ್ನಾ ೯.೨. ಬರೆದೆ. ಖುಷಿಯಾಯಿತು. ಆಮೇಲೆ ಕಣ್ಣು ಪಕ್ಕದ ಸಾಲಿಗೆ ಹೋಯಿತು — ಹೋಗುತ್ತದೆ, ಇನ್ನೂ. ಪುಸ್ತಕ ಮುಚ್ಚಿದೆ.

ಜನವರಿ ೧೬. ಮಧ್ಯಾಹ್ನ ೨

ಬಂದಳು.

ಹತ್ತು ಗಂಟೆಗೆ ಕಳಕವ್ವ, ಕಂಕುಳಲ್ಲಿ ಭಾಗ್ಯಾ, ಕೈಯಲ್ಲಿ ಹಸಿ ಕಡಲೆಗಿಡ ಕಟ್ಟಿದ ಒಂದು ಸೂಡು. ಸೂಡನ್ನು ನನ್ನ ಮುಂದೆ ಇಟ್ಟಳು. "ಹೊಲದಾಗ ಸುಲಕೊಂಡು ತಾನಽ ತಿಂತಾಳ್ರಿ. ಯಾರೂ ತಿನ್ನಸೂದು ಬ್ಯಾಡ. ಹನ್ನಾನೂ ತಿಂತಾಳೇನೊ ನೋಡೂಣು ಅಂತ ತಂದೆ."

ನಾನು ಏನೋ ಹೇಳಲು ಹೋದೆ. "ಇರ್ಲಿ ಬಿಡ್ರಿ," ಅಂದಳು. ಕ್ಷಮಿಸಿದ್ದೇನೆ ಅಂತ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಇಬ್ಬರೂ ಕಟ್ಟೆಯ ಮೇಲೆ ಕೂತು ಸುಲಿದರು. ಒಂದು ಕಾಳಿಗೆ ಹತ್ತು ನಿಮಿಷ. ಗಿಡದ ಹುಳಿ ನಾಲಿಗೆಗೆ ತಾಗಿದಾಗ ಹನ್ನಾ ಮುಖ ಕಿವುಚಿದಳು, ಮತ್ತೆ ಬಾಯಿ ತೆರೆದಳು. ಭಾಗ್ಯಾ ತಾನು ಸುಲಿದದ್ದನ್ನು ಆ ಬಾಯಿಗೆ ಹಾಕಿದಳು. ಎಷ್ಟು ತಿಂದರು ಅಂತ ಲೆಕ್ಕ ಇಡಲಿಲ್ಲ.

ಈಗ ಮಲಗಿದ್ದಾರೆ. ಒಬ್ಬಳ ಕಾಲು ಇನ್ನೊಬ್ಬಳ ಹೊಟ್ಟೆಯ ಮೇಲೆ. ಮಗಳನ್ನು ಒಯ್ಯಲು ಬಂದ ಕಳಕವ್ವ ಆ ಕಾಲು ಎತ್ತಲು ಹೋಗಿ ಬಿಟ್ಟಳು. "ಎದ್ದ ಮ್ಯಾಲ ಒಯ್ತೀನ್ರಿ." ಗೋಡೆಗೆ ಒರಗಿದಳು. "ಒಂದೀಟು ಅಡ್ಡಾಗ್ಲೇನ್ರಿ ಅಕ್ಕೋರ?" ಅಂದವಳು ನಾನು ಹೂಂ ಅನ್ನುವ ಮೊದಲೇ ಚಾಪೆಯ ಅಂಚಿಗೆ ಉರುಳಿದಳು. ಎಷ್ಟು ದಿನದ ನಿದ್ದೆಯೋ. ಬಾಯಿ ಸ್ವಲ್ಪ ತೆರೆದಿದೆ, ಥೇಟ್ ಮಗಳಂತೆ. ಗಾಳಿಗೆ ಅವಳ ಸೆರಗು ಹನ್ನಾಳ ಮೇಲೆ ಬಿದ್ದಿದೆ. ಸರಿಸಲಿಲ್ಲ. ಕಳಕವ್ವನ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಇದೆ. ನೋಟಿಸಿಗೆ ಉತ್ತರ ಬರೆದು ಮುಗಿಸಬೇಕು, ಅದಕ್ಕೂ ಮೊದಲು ಒಂದು ಗಳಿಗೆ ನಾನೂ ಅಡ್ಡಾಗಿ...