ಅಮಸಿದ್ದಪ್ಪನವರ ಗಿಣಿ ಮತ್ತು ನಿಮ್ಮ ಕಂಪ್ಯೂಟರಿನ ‘ಇಲ್ಲ’

ಬನಹಟ್ಟಿ
ಜೂನ್ ೨೦೧೨

ನೇಯ್ಗೆ ವಿನ್ಯಾಸ ಸಂರಕ್ಷಣಾ ಕೇಂದ್ರದ ಮಾನ್ಯ ನಿರ್ದೇಶಕರೇ,

ನಿಮ್ಮ ಕೇಂದ್ರವು ಕಳೆದ ತಿಂಗಳು ನಮ್ಮೂರಿನ ನೇಕಾರ ಅಮಸಿದ್ದಪ್ಪನವರಿಗೆ ಒಂದು ಸುಳ್ಳನ್ನು ಅಚ್ಚುಕಟ್ಟಾಗಿ ಮುದ್ರಿಸಿ ಕೊಟ್ಟಿದೆ. “ಸದರಿ ನೇಕಾರರಿಂದ ಯಾವುದೇ ವಿನ್ಯಾಸವು ಸ್ವೀಕೃತವಾಗಿರುವುದಿಲ್ಲ” ಎಂಬುದೇ ಆ ಸುಳ್ಳು. ಅದರ ಕೆಳಗೆ ಯಾರ ಸಹಿಯೂ ಇಲ್ಲ. ಇದು ಗಣಕಯಂತ್ರದಿಂದ ಮುದ್ರಿತವಾದ ಕಾರಣ ಸಹಿಯ ಅಗತ್ಯವಿಲ್ಲ ಎಂದು ಹಾಳೆಯೇ ಹೇಳುತ್ತದೆ. ಎಂಥ ಅನುಕೂಲ ನೋಡಿ! ಹೇಳಿದವರು ಯಾರೆಂದು ಕೇಳಿದರೆ ಯಂತ್ರದ ಕಡೆ ಕೈ ತೋರಿಸಬಹುದು. ಯಂತ್ರಕ್ಕೆ ಮುಖವಿಲ್ಲ, ಹಾಗಾಗಿ ಮುಖ ಮುಚ್ಚಿಕೊಳ್ಳುವ ಪ್ರಸಂಗವೂ ಅದಕ್ಕೆ ಬರುವುದಿಲ್ಲ. ಆ ಯಂತ್ರವನ್ನು ಶುರುವಿನಿಂದ ನೋಡಿಕೊಂಡ ಗುತ್ತಿಗೆ ನೌಕರ ನಾನು. ಅದರ ಪಾಲಿನ ನಾಚಿಕೆಯನ್ನೆಲ್ಲ ಈಗ ನಾನು ಹೊತ್ತು ತಿರುಗುತ್ತಿದ್ದೇನೆ. ಸಂತೆಗೆ ಹೊರಟರೆ ಅಮಸಿದ್ದಪ್ಪನವರ ಓಣಿ ತಪ್ಪಿಸಿ ಸುತ್ತು ಹಾಕಿಕೊಂಡು ಹೋಗುತ್ತೇನೆ.

ಇದು ಬಹಿರಂಗ ಪತ್ರ, ನೀವೊಬ್ಬರೇ ಓದುವುದಿಲ್ಲ, ಆದ್ದರಿಂದ ಮೊದಲಿನಿಂದ ಹೇಳಬೇಕು. ೨೦೦೮ರಲ್ಲಿ ಕೇಂದ್ರ ಬಾಗಿಲು ತೆರೆದಾಗ ನಿಮ್ಮ ಕುರ್ಚಿಯಲ್ಲಿದ್ದವರು ವೇದಿಕೆ ಹತ್ತಿ ನೇಕಾರರಿಗೆ ಒಂದು ಮಾತು ಕೊಟ್ಟರು. ನಿಮ್ಮ ಸೀರೆಯ ಅಂಚಿನ ದಡಿ, ಸೆರಗಿನ ವಿನ್ಯಾಸ ಬರೆದ ಗ್ರಾಫ್ ಹಾಳೆಗಳನ್ನು ನಮಗೆ ಕೊಡಿ, ಕಂಪ್ಯೂಟರಿನಲ್ಲಿ ಇಡುತ್ತೇವೆ, ಇಲಿ ಕಡಿಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ ಎಂದರು. ಜಮಖಂಡಿ, ಮುಧೋಳ, ಬೀಳಗಿಗಳಲ್ಲಿ ಒಂದೊಂದು ಕೋಣೆ ಹಿಡಿದು ಸ್ಕ್ಯಾನರ್ ಕೂಡಿಸಿದರು. ಅಲ್ಲಿ ತೆಗೆದ ಚಿತ್ರಗಳು ನೆಟ್‌ವರ್ಕಿನ ಮೂಲಕ ಬನಹಟ್ಟಿಯ ಸರ್ವರ್ ಯಂತ್ರಕ್ಕೆ ಬರುತ್ತಿದ್ದವು. ಲೋಕಾಪುರದ ಹತ್ತಿರ ರಸ್ತೆ ಅಗೆದು ಕೇಬಲ್ ತುಂಡಾದಾಗಲೆಲ್ಲ ಮುಧೋಳ, ಬೀಳಗಿ ಎರಡೂ ನನ್ನ ಪರದೆಯಿಂದ ಮಾಯವಾಗುತ್ತಿದ್ದವು, ನಾನು ಬಸ್ಸು ಹಿಡಿಯುತ್ತಿದ್ದೆ. ಸ್ಕ್ಯಾನ್ ಆದ ಹಾಳೆಗಳನ್ನು ಮಾತ್ರ ಯಾರಿಗೂ ಮರಳಿಸಲಿಲ್ಲ. ಡಿಜಿಟಲ್ ಆದ ಮೇಲೆ ಕಾಗದ ಇಟ್ಟುಕೊಳ್ಳುವುದು ಹಿಂದುಳಿದ ಪದ್ಧತಿ ಎಂದು ಆದೇಶ ಬಂದು, ಒಂದು ಸಮಿತಿ ಕೂತು ಅವನ್ನೆಲ್ಲ ಹರಿದು ಹಾಕಿತು. ಸ್ವೀಕೃತಿ ಚೀಟಿ ಕೇಳಿದ ನೇಕಾರರಿಗೆ ‘ಕಂಪ್ಯೂಟರೇ ಚೀಟಿ’ ಎಂಬ ಉತ್ತರ ಸಿಕ್ಕಿತು.

ಅಮಸಿದ್ದಪ್ಪನವರು ಕೊಟ್ಟದ್ದು ತಿರುಗಿ ನೋಡುವ ಗಿಣಿಯ ದಡಿ. ಜೋಳದ ತೆನೆಯ ಮೇಲೆ ಕೂತ ಗಿಣಿ, ಕಾಳು ತಿನ್ನುವುದನ್ನು ಬಿಟ್ಟು ಕತ್ತು ಹೊರಳಿಸಿ ಹಿಂದೆ ನೋಡುತ್ತದೆ. ಅದು ಯಾಕೆ ಹಿಂದೆ ನೋಡುತ್ತದೆ ಎಂದು ಕೇಳಿದರೆ ಅವರು ಪ್ರತಿ ಸಲ ಬೇರೆ ಕಾರಣ ಹೇಳುತ್ತಿದ್ದರು. ಜೋಡಿ ಗಿಣಿ ಬಂತೇನೋ ಅಂತ ನೋಡುತ್ತದೆ ಎಂದು ಒಮ್ಮೆ, ಹೊಲದ ಒಡೆಯನ ಹೆದರಿಕೆಗೆ ಎಂದು ಇನ್ನೊಮ್ಮೆ. ಮೂರನೆಯ ಸಲ, ಹೆಂಡತಿ ಸೋಮವ್ವ ಹಿಂದಿನಿಂದ ಚಹಾಕ್ಕೆ ಕೂಗಿದಾಗ ತಾನೇ ಹೊರಳಿ ನೋಡಿದೆ, ಗೆರೆಯೂ ಹೊರಳಿತು ಎಂದರು. ಹೆಮ್ಮೆಯ ಮನುಷ್ಯ, ಸ್ವಲ್ಪ ಬಾಯಿಬಡುಕ. ಅಂಗಡಿಯಲ್ಲಿ ಯಾರ ಮೈಮೇಲಾದರೂ ಆ ದಡಿ ಕಂಡರೆ ಪರಿಚಯವಿಲ್ಲದಿದ್ದರೂ ನಿಲ್ಲಿಸಿ, “ಯವ್ವಾ, ಈ ಗಿಣಿ ನಂದೈತಿ ನೋಡು” ಎನ್ನುತ್ತಿದ್ದರು. ಸೋಮವ್ವ ತಲೆ ಚಚ್ಚಿಕೊಳ್ಳುತ್ತಿದ್ದರು.

ಹಾಳೆಯನ್ನು ನನ್ನ ಕೈಗೆ ಕೊಡುವಾಗ ಅವರು ಕೇಳಿದ್ದು ಒಂದೇ ಮಾತು.

“ತಮ್ಮಾ, ಇದರೊಳಗ ಹೋದ ಗಿಣಿ ಹೊಳ್ಳಿ ಹೊರಗ ಬರತೈತೋ ಇಲ್ಲೋ?”

“ಬರತೈತ್ರಿ ಕಾಕಾ. ನೀವು ಕರದಾಗೊಮ್ಮೆ ಬರತೈತಿ,” ಎಂದೆ.

ಈಗ ಕರೆಯಬೇಕಾದ ಹೊತ್ತು ಬಂದಿದೆ. ಹೊರ ಊರಿನ ಒಬ್ಬ ವ್ಯಾಪಾರಿ ಅದೇ ಗಿಣಿಯನ್ನು ತನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡಿದ್ದಾನೆ. ಇನ್ನು ಮುಂದೆ ಅಮಸಿದ್ದಪ್ಪನವರು ಆ ದಡಿ ನೇಯಕೂಡದು ಎಂದು ವಕೀಲರ ನೋಟೀಸು ಬಂದಿದೆ. ಜುಲೈ ಕೊನೆಗೆ ವಿಚಾರಣೆ. ತೇರದಾಳದ ವಕೀಲರು ಹೇಳಿದ್ದು ಇಷ್ಟು: ಹಳೆಯ ಸೀರೆ ತಂದು ತೋರಿಸಿದರೆ ಉಪಯೋಗವಿಲ್ಲ, ಬಟ್ಟೆಯ ಮೇಲೆ ತಾರೀಖು ಇರುವುದಿಲ್ಲ. ಕೇಂದ್ರದಲ್ಲಿರುವ ಸ್ಕ್ಯಾನ್ ಪ್ರತಿಯ ಮೇಲೆ ೨೦೦೮ರ ತಾರೀಖು ಇದೆಯಲ್ಲ, ಅದನ್ನು ತನ್ನಿ, ಗೆಲ್ಲುತ್ತೀರಿ. ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟುಕೊಂಡು ನಿಮ್ಮ ಕೇಂದ್ರಕ್ಕೆ ಬಂದರು. ಸಿಕ್ಕಿದ್ದು ಆ ಸಹಿ ಇಲ್ಲದ ಹಾಳೆ.

ಚಿತ್ರ ಎಲ್ಲಿದೆ? ಟೇಪಿನಲ್ಲಿದೆ. ಸರ್ವರಿನಲ್ಲಿ ಜಾಗ ಸಾಲದು, ವರ್ಷ ಹಳೆಯದಾದ ಚಿತ್ರಗಳನ್ನು ಬ್ಯಾಕಪ್ ಟೇಪಿನಲ್ಲಿ ಉಳಿಸಿಕೊಂಡು ಡಿಸ್ಕಿನಿಂದ ಅಳಿಸಿ ಎಂದು ಆದೇಶ ಮಾಡಿದ್ದು ನಿಮ್ಮದೇ ಕಚೇರಿ. ಟೇಪುಗಳು ಈಗಲೂ ಕೇಂದ್ರದ ಕಬ್ಬಿಣದ ಅಲಮಾರಿಯಲ್ಲಿ ಸುಖವಾಗಿವೆ. ಆದರೆ ಯಾವ ಚಿತ್ರ ಯಾವ ಟೇಪಿನಲ್ಲಿ, ಎಷ್ಟನೆಯ ಜಾಗದಲ್ಲಿ ಇದೆ ಎಂಬ ಲೆಕ್ಕವನ್ನು ಬ್ಯಾಕಪ್ ಸಾಫ್ಟ್‌ವೇರು ತನ್ನ ಕ್ಯಾಟಲಾಗಿನಲ್ಲಿ ಬರೆದುಕೊಂಡಿರುತ್ತದೆ. ಆ ಕ್ಯಾಟಲಾಗು ಸರ್ವರಿನ ಡಿಸ್ಕಿನ ಮೇಲಿತ್ತು. ಬಸವ ಜಯಂತಿಯ ವಾರ ಆ ಡಿಸ್ಕು ಸತ್ತಿತು. ಹೊಸ ಗುತ್ತಿಗೆದಾರರು ಬಂದು ಹೊಸ ಡಿಸ್ಕು ಹಾಕಿ, ಸಾಫ್ಟ್‌ವೇರನ್ನು ಹೊಸದಾಗಿ ಕೂಡಿಸಿ ಹೋದರು. ಹೊಸ ಕ್ಯಾಟಲಾಗು ಖಾಲಿ. ಖಾಲಿ ಕ್ಯಾಟಲಾಗಿನಲ್ಲಿ ‘ಅಮಸಿದ್ದಪ್ಪ’ ಎಂದು ಹುಡುಕಿದರೆ ಏನು ಬರಬೇಕು, ಮಾನ್ಯರೇ? ನಿಮ್ಮ ಹೆಸರು ಹುಡುಕಿದ್ದರೂ ಇಲ್ಲ ಎಂದೇ ಬರುತ್ತಿತ್ತು. ಹಾಗಂತ ನೀವು ಇಲ್ಲವಾಗಿಬಿಟ್ಟಿರಾ? ಕಿರಾಣಿ ಅಂಗಡಿಯಲ್ಲಿ ಡಬ್ಬಿಯ ಮೇಲಿನ ಚೀಟಿ ಕಿತ್ತುಹೋದರೆ ಅಂಗಡಿಯವನು ಮುಚ್ಚಳ ತೆಗೆದು ನೋಡುತ್ತಾನೆ. ನಮ್ಮಲ್ಲಿ ಬೇಳೆಯೇ ಬರಲಿಲ್ಲ ಎಂದು ಗಿರಾಕಿಗೆ ಬರೆದುಕೊಡುವುದಿಲ್ಲ. ‘ಗೊತ್ತಿಲ್ಲ’ ಎಂದು ಬರೆಯಬೇಕಾದಲ್ಲಿ ನಿಮ್ಮ ಕೇಂದ್ರ ‘ಇಲ್ಲ’ ಎಂದು ಬರೆಯಿತು.

ಕ್ಯಾಟಲಾಗಿಗೂ ಒಂದು ಪ್ರತಿ ಇರಬೇಕಿತ್ತಲ್ಲ ಎಂದು ತಿಳಿದವರು ಕೇಳುತ್ತಾರೆ. ಇರಬೇಕಿತ್ತು. ಯಾಕಿಲ್ಲ ಎಂದು ಹುಡುಕುತ್ತ ನಾನು ವಾರವಿಡೀ ಸರ್ವರಿನ ಮುಂದೆ ಕೂತೆ. ಸಿಕ್ಕ ಕಾರಣ ಹೇಳಲು ನನಗೆ ನಾಚಿಕೆ, ಕೇಳಲು ನಿಮಗೂ ಆಗಬೇಕು. ನಮ್ಮೂರಿನಲ್ಲಿ ಮಗ್ಗಗಳು ನಡೆಯುವಾಗ ವೋಲ್ಟೇಜು ಒಂದೇ ಸಮ ಏಳುತ್ತದೆ, ಬೀಳುತ್ತದೆ. ಮೊದಲು ಕೂಡಿಸಿಕೊಟ್ಟ ಎಂಜಿನಿಯರರು ಪ್ರತಿ ಶನಿವಾರ ಬ್ಯಾಕಪ್ ತಾನಾಗಿಯೇ ನಡೆಯಲಿ ಎಂದು ವೇಳೆ ಗೊತ್ತುಮಾಡಿ ಹೋಗಿದ್ದರು. ಶನಿವಾರ ಊರಿನ ಮಗ್ಗಗಳೆಲ್ಲ ಭರದಿಂದ ಓಡುತ್ತಿರುತ್ತವೆ. ಮೊದಲ ಎರಡೂ ಸಲ ಟೇಪು ನಡುವೆಯೇ ಸಿಕ್ಕಿಹಾಕಿಕೊಂಡಿತು. ಅಮಾವಾಸ್ಯೆಗೆ ಮಾತ್ರ ಬನಹಟ್ಟಿ, ರಬಕವಿಗಳಲ್ಲಿ ಮಗ್ಗಕ್ಕೆ ರಜೆ, ಅವತ್ತು ಇಡೀ ದಿನ ಕರೆಂಟು ಕದಲುವುದಿಲ್ಲ. ಆದ್ದರಿಂದ ನಾನು ಶನಿವಾರದ ವೇಳೆಯನ್ನು ತೆಗೆದುಹಾಕಿದೆ. ಪ್ರತಿ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಬಂದು ಕೈಯಾರೆ ಬ್ಯಾಕಪ್ ಶುರುಮಾಡಿದೆ. ಒಂದು ಅಮಾವಾಸ್ಯೆಯೂ ತಪ್ಪಿಸಲಿಲ್ಲ. ಸಾಫ್ಟ್‌ವೇರಿಗೆ ಅಮಾವಾಸ್ಯೆ ಗೊತ್ತಿಲ್ಲವಲ್ಲ! ಕ್ಯಾಟಲಾಗಿನ ಪ್ರತಿಯನ್ನು ‘ಗೊತ್ತುಮಾಡಿದ ವೇಳೆಯ ಬ್ಯಾಕಪ್ ಮುಗಿದ ಮೇಲೆ ಮಾತ್ರ’ ತೆಗೆಯಬೇಕು ಎಂಬ ಗುರುತು ಸಾಫ್ಟ್‌ವೇರು ಬರುವಾಗಲೇ ಒಳಗಿನ ಒಂದು ಪುಟದಲ್ಲಿ ಇರುತ್ತದೆ. ಕೈಯಿಂದ ಶುರುಮಾಡಿದ್ದನ್ನು ಅದು ಲೆಕ್ಕಕ್ಕೇ ಹಿಡಿಯಲಿಲ್ಲ. ಚಿತ್ರಗಳು ತಪ್ಪದೆ ಟೇಪಿಗೆ ಹೋದವು, ಕ್ಯಾಟಲಾಗು ಒಮ್ಮೆಯೂ ಹೋಗಲಿಲ್ಲ. ಅದರ ಕೆಳಗೇ ‘ಕೈಯಿಂದ ನಡೆಸಿದ ಬ್ಯಾಕಪ್ಪಿನ ನಂತರವೂ’ ಎಂಬ ಇನ್ನೊಂದು ಆಯ್ಕೆ ಇತ್ತು. ಆ ಪುಟವನ್ನು ನಾನು ತೆರೆದಿರಲಿಲ್ಲ. ವರ್ಷಕ್ಕೊಮ್ಮೆ ಬಂದು, ಹಸಿರು ಅಕ್ಷರದ ‘ಯಶಸ್ವಿ’ ನೋಡಿ, ಮಂಡಗಿ ತಿಂದು, ಅತ್ಯುತ್ತಮ ಎಂದು ಬರೆದುಹೋದ ನಿಮ್ಮ ತಪಾಸಣಾ ತಂಡವೂ ತೆರೆದಿರಲಿಲ್ಲ. ತೆಗೆದಿಟ್ಟದ್ದನ್ನು ಒಂದು ಸಲ ಹೊರಗೆ ತೆಗೆದು ನೋಡೋಣ ಎಂದು ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ.

ಇಷ್ಟಾದರೂ ಏನೂ ಕೆಟ್ಟಿಲ್ಲ, ಅದೇ ನನ್ನ ಹೊಟ್ಟೆ ಉರಿಸುವ ಸಂಗತಿ. ೨೦೦೮ರ ಟೇಪುಗಳನ್ನು ಒಂದೊಂದಾಗಿ ಹಾಕಿ ಮೊದಲಿನಿಂದ ಓದಿಸಿದರೆ ಸಾಫ್ಟ್‌ವೇರು ತಾನೇ ಕ್ಯಾಟಲಾಗನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ತಾಳ್ಮೆ ಬೇಕು, ನಿಮ್ಮ ಅಪ್ಪಣೆ ಬೇಕು, ಅಷ್ಟೇ. ನಾನು ಅಪ್ಪಣೆ ಕೇಳಿ ಬರೆದೆ. ಹಳೆಯ ಟೇಪುಗಳ ಅವಧಿ ಮುಗಿದಿರುವುದರಿಂದ ಅವುಗಳಲ್ಲಿರುವುದನ್ನು ಇಲ್ಲವೆಂದು ಪರಿಗಣಿಸತಕ್ಕದ್ದು ಎಂದು ಉತ್ತರ ಬಂತು. ಮತ್ತೆ ಬರೆದೆ. ಕ್ಯಾಟಲಾಗಿನ ಪ್ರಕಾರ ಸದರಿ ಟೇಪುಗಳು ಖಾಲಿ ಇವೆ, ಜುಲೈ ಒಂದರಿಂದ ಹೊಸ ಬ್ಯಾಕಪ್ಪಿಗೆ ಹಳೆಯದರಿಂದ ಮೊದಲ್ಗೊಂಡು ಅವನ್ನೇ ಬಳಸತಕ್ಕದ್ದು, ಹೊಸ ಟೇಪು ಕೊಳ್ಳುವ ಅಗತ್ಯ ಕಂಡುಬರುವುದಿಲ್ಲ ಎಂದಿರಿ. ಮಾನ್ಯರೇ, ಇದನ್ನು ನೀವು ಓದಿ ಸಹಿ ಮಾಡಿದಿರೋ, ಸಹಿ ಮಾಡಿದ ಮೇಲಾದರೂ ಓದಿದಿರೋ? ಹಳೆಯದೆಂದರೆ ೨೦೦೮ರ ಟೇಪು. ಗಿಣಿ ಕೂತಿರುವುದು ಅದರಲ್ಲೇ. ಹೊಸ ಗುತ್ತಿಗೆದಾರರು ವೇಳೆಯನ್ನೂ ಗುರುತನ್ನೂ ಸರಿಪಡಿಸಿದ್ದಾರೆ. ಇನ್ನು ಕ್ಯಾಟಲಾಗಿನ ಪ್ರತಿ ಒಂದು ಸಲವೂ ತಪ್ಪುವುದಿಲ್ಲ. ಅಮಸಿದ್ದಪ್ಪನವರ ದಡಿ ನಮ್ಮಲ್ಲಿಲ್ಲ ಎಂಬ ಮಾಹಿತಿ ಸಂಪೂರ್ಣ ಸುರಕ್ಷಿತವಾಗಿ ಉಳಿಯಲಿದೆ, ಮತ್ತು ಜುಲೈ ಒಂದರ ನಂತರ ಅದು ಖರೆಯೂ ಆಗಲಿದೆ.

ಟೇಪಿನ ಅಂಚಿನಲ್ಲಿ ಉಗುರಿನಷ್ಟು ಅಗಲದ ಒಂದು ಗುಂಡಿ ಇರುತ್ತದೆ. ಅದನ್ನು ಸರಿಸಿದರೆ ಆ ಟೇಪನ್ನು ಓದಬಹುದು, ಅದರ ಮೇಲೆ ಬರೆಯಲಾಗದು. ಮಣ್ಣೆತ್ತಿನ ಅಮಾವಾಸ್ಯೆಯ ದಿನ ನಾನು ಆ ವರ್ಷದ ಎಲ್ಲ ಟೇಪುಗಳ ಗುಂಡಿ ಸರಿಸಿದೆ. ಮರುದಿನವೇ ಮೆಮೊ ಬಂತು, ಸಾರ್ವಜನಿಕ ಆಸ್ತಿಯ ಬಳಕೆಗೆ ಅಡ್ಡಿ ಎಂದು. ಕೇಬಲ್ ತುಂಡಾಗಿದೆ ಎಂದು ತಿಂಗಳುಗಟ್ಟಲೆ ಬರೆದರೂ ಓಗೊಡದ ಕಚೇರಿ ಇಷ್ಟು ಚುರುಕಾಗಿದ್ದನ್ನು ಕಂಡು ಸಂತೋಷವೇ ಆಯಿತು. ನನ್ನ ಗುತ್ತಿಗೆ ಈ ತಿಂಗಳಿಗೆ ಮುಗಿಯುತ್ತದೆ. ಆಮೇಲೆ ಬರುವವರು ಆ ಗುಂಡಿಗಳನ್ನು ಹಿಂದಕ್ಕೆ ಸರಿಸಲು ಒಂದು ಗಳಿಗೆ ಸಾಕು.

ಮೊನ್ನೆ ಸೋಮವ್ವ ಚಿಗವ್ವ ಹೇಳಿಕಳಿಸಿದರು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ, ಹೋದೆ. ಬೈಸಿಕೊಳ್ಳಲು ಸಿದ್ಧನಾಗಿಯೇ ಹೋದೆ, ಬೈದಿದ್ದರೆ ಚೆನ್ನಾಗಿತ್ತು. ಮಗ್ಗ ನಿಂತಿತ್ತು. ಚಿಮ್ಮಡದಿಂದ ಬಂದ ಬೀಗರು ಪಡಸಾಲೆಯಲ್ಲಿ ಕೂತಿದ್ದರು. ಅವರಲ್ಲೊಬ್ಬರು ನನ್ನನ್ನು ನೋಡಿ, “ಇವನಽ ಏನ್ರಿ ಗಿಣಿ ಕಳದಾಂವ?” ಎಂದರು. ನಾನು ನೆಲ ನೋಡಿದೆ.

“ಅವಂದೇನ ತಪ್ಪೈತ್ರಿ,” ಎಂದರು ಅಮಸಿದ್ದಪ್ಪ ಕಾಕಾ. “ಕಂಪ್ಯೂಟರ ಇಲ್ಲ ಅಂತ ಹೇಳಾಕತ್ತೈತಿ. ಅದಕ್ಕೇನ ನನ್ನ ಮ್ಯಾಲ ಹಗೀತನ ಐತೇನು? ನಾನಽ ಕೊಟ್ಟಿಲ್ಲೇನೋ. ವಯಸ್ಸಾತು, ನೆಪ್ಪಿರೂದಿಲ್ಲ.”

“ಕಾಕಾ, ನನ್ನ ಕೈಯಾಗಽ ಕೊಟ್ಟೀರಿ. ನಾನ ಸ್ಕ್ಯಾನ್ ಮಾಡೇನಿ.”

“ಇರಲಿ ಬಿಡೋ ತಮ್ಮಾ. ಆ ಗಿಣಿನೂ ಎಲ್ಲಿಂದೋ ನೋಡೇ ತಗದಿರಬೇಕು. ಯಾರದರ ಸೀರಿ ಮ್ಯಾಲ ನೋಡಿರತೇನಿ, ನಂದು ನಂದು ಅಂತ ಊರತುಂಬ ಹೇಳ್ಕೋತ ತಿರಗೇನಿ. ಈಗ ನೆನಸಿಕೊಂಡ್ರ ನಾಚಿಕಿ ಬರತೈತಿ.”

ಚಿಗವ್ವ ಒಳಗಿನಿಂದ ಓಡಿ ಬಂದರು. “ಚಹಾಕ್ಕ ನಾನಽ ಕೂಗಿದ್ದೆ, ನನಗ ನೆಪ್ಪೈತಿ! ಹೊಳ್ಳಿ ನೋಡಿ ನನಗಽ ಬೈದ್ರಿ, ಗೆರಿ ಕೆಡಿಸಿದಿ ಅಂತ!” ಎಂದು ಗದರಿಸಿದರು. ಕಾಕಾ ನಕ್ಕು, “ಆ ಚಹಾ ಬ್ಯಾರೆ ದಿನದ್ದಿರಬೇಕ ಬಿಡು” ಎಂದರು. ಬೀಗರು ಹೌದೌದು ಎಂದು ತಲೆಯಾಡಿಸಿದರು.

ನಾನು ಎದ್ದು ಬಂದೆ. ಇದುವರೆಗೆ ಅವರ ಮುಂದೆ ನಿಲ್ಲಲು ನಾಚುತ್ತಿದ್ದೆ. ಆವತ್ತು ಅವರೇ ನಾಚುವುದನ್ನು ನೋಡಿದೆ, ಮಾಡದ ಕಳವಿಗೆ. ಒಬ್ಬ ಮನುಷ್ಯ ಒಂದು ಗಿಣಿ ಬರೆದ, ಅದನ್ನು ನಂಬಿ ನಮಗೆ ಕೊಟ್ಟ, ನಾವು ಅವನಿಗೆ ಅದು ಅವನದಲ್ಲ ಎಂದು ನಂಬಿಸಿಬಿಟ್ಟೆವು. ವ್ಯಾಪಾರಿ ನೋಟೀಸು ಕಳಿಸಿದರೂ ಆಗದ ಕೆಲಸ ನಿಮ್ಮ ಒಂದು ಹಾಳೆಯಿಂದ ಆಗಿದೆ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಜುಲೈ ಒಂದರೊಳಗೆ ಆ ಆದೇಶವನ್ನು ಹಿಂತೆಗೆದುಕೊಳ್ಳಿ. ಆ ಟೇಪುಗಳ ಮೇಲೆ ಯಾರೂ ಏನೂ ಬರೆಯದಿರಲಿ, ಅವನ್ನು ಓದಿಸಲು ಅಪ್ಪಣೆ ಕೊಡಿ. ಗುತ್ತಿಗೆ ಮುಗಿದಿದ್ದರೂ ನಾನು ಬಂದು ಕೂರುತ್ತೇನೆ, ಸಂಬಳ ಬೇಡ. ಗಿಣಿ ಸಿಕ್ಕ ಮೇಲೆ ಅದನ್ನು ಅಂಚೆಯಲ್ಲಿ ಕಳಿಸಬೇಡಿ, ನನ್ನ ಕೈಯಲ್ಲೂ ಕೊಡಬೇಡಿ. ಪ್ರತಿಯ ಮೇಲೆ ನಿಮ್ಮ ಕೈಯಾರೆ ಸಹಿ ಹಾಕಿ, ನೀವೇ ಬನಹಟ್ಟಿಗೆ ಬಂದು, ಅವರ ಪಡಸಾಲೆಯಲ್ಲಿ ಬೀಗರೆಲ್ಲ ಇರುವಾಗ, “ಅಮಸಿದ್ದಪ್ಪನವರೇ, ಈ ಗಿಣಿ ನಿಮ್ಮದು” ಎಂದು ಗಟ್ಟಿಯಾಗಿ ಹೇಳಿ. ನಾನು ಹೇಳಿ ನೋಡಿದೆ, ಅವರು ನಂಬಲಿಲ್ಲ.

ಇಂತಿ,
ಕರೆದಾಗೊಮ್ಮೆ ಬರುತ್ತದೆ ಎಂದು ಹೇಳಿದವನು,
ಪ್ರೇಮಕುಮಾರ
(ಈ ಪತ್ರ ಕೈಬರಹದ್ದು, ಸಹಿ ಮಾಡಿದ್ದೇನೆ)