ಕಾರಿನ ಎಣ್ಣೆಯಲ್ಲಿ ಬೂದಿ

ತಿಕೋಟಾ, ೧೨-೬-೧೯೬೪

ಸೊಲ್ಲಾಪುರದ ಎಣ್ಣೆ ಪರೀಕ್ಷಕರಾದ ಅಲ್ಲಾಉದ್ದೀನ ಸಾಹೇಬರಿಗೆ ನಮಸ್ಕಾರ.

ಮೈ ಕಾರ್ ಈಸ್ ಸಫರಿಂಗ್ ಫ್ರಾಮ್ ಯುವರ್ ರಿಪೋರ್ಟ್. ಕಾಲೇಜಿನಲ್ಲಿ ರಜೆ ಕೇಳಲು ಕಲಿತ ಇಂಗ್ಲಿಷು, ಇರಲಿ. ನನ್ನ ಹಳೇ ಕಾರಿನ ಎಣ್ಣೆಯಲ್ಲಿ ಬೂದಿ ವಿಪರೀತವಿದೆ, ಎಂಜಿನ್ನು ಮುಗಿದಂತೆಯೇ ಎಂದು ಬರೆದಿದ್ದೀರಿ. ಅದನ್ನೋದಿ ಮಗಳು ರಾಚವ್ವ, "ಯಪ್ಪಾ, ಐತವಾರ ಇದನ್ನ ಗುಜರಿಗೆ ಹಾಕೂದ ನೋಡು" ಅಂದಿದ್ದಾಳೆ.

ಸಾಹೇಬರೇ, ಆ ಬೂದಿ ಎಂಜಿನ್ನಿನದಲ್ಲ. ತೀರಿಹೋದ ನಮ್ಮಾಕಿ, ನನ್ನ ಹೆಂಡತಿ ತಾಯವ್ವ, ಪ್ರತಿ ಅಮಾವಾಸ್ಯೆಗೆ ಕಾರಿನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. "ಇನ್ನ ಗಾಡಿ ಎಲ್ಲೂ ನಿಲ್ಲೂದಿಲ್ರಿ" ಅನ್ನುತ್ತಿದ್ದಳು. ಈಗ ಅವಳಿಲ್ಲವಲ್ಲ ಎಂದು, ಪರೀಕ್ಷೆಗೆ ಹೊರಟ ಎಣ್ಣೆಗೆ ನಾನೇ ವಿಭೂತಿ ಹಾಕಿದೆ. ಚಿಟಿಕೆ ಸಾಲದೆನಿಸಿ ಮುಷ್ಟಿ ಹಾಕಿದೆ.

ಅದೇ ಎಂಜಿನ್ನಿನಿಂದ ಬೇರೆ ಎಣ್ಣೆ ತೆಗೆದು ಕಳಿಸಿದ್ದೇನೆ. ಐತವಾರದೊಳಗೆ ಉತ್ತರ ಬರಲಿ. ಈ ಸಲ ವಿಭೂತಿ ಬಾಟಲಿಯ ಹೊರಗಿದೆ. ಪರೀಕ್ಷೆ ಮುಗಿಯುವ ತನಕ ದಯಮಾಡಿ ಒರೆಸಬೇಡಿರಿ.

ತಮ್ಮ ಒಬಿಡಿಯೆಂಟ್ ಕಾರಿನವ,
ಯಲಗೂರಪ್ಪ