ಮೂವರಲ್ಲ, ಇಬ್ಬರು

ಕೊಪ್ಪಳ, ೧೭ ಜೂನ್ ೧೯೩೮, ಶುಕ್ರವಾರ

ಫೈನಲ್‌ಗೆ ಬಂದೆವು, ಫೈನಲ್‌ಗೆ ಬಂದೆವು! ನಾವು ಎಂದರೆ ಕೊಪ್ಪಳ, ಕೊಪ್ಪಳ ಎಂದರೆ ನನ್ನ ಗಂಡ. ಕುಷ್ಟಗಿಯ ಮೇಲೆ ಎರಡು ಗೋಲು, ಎರಡೂ ಇವರವೇ. ಗಂಡನ ಹೆಸರು ಹೇಳಬಾರದು ಎಂದಿದ್ದಾರೆ. ಬರೆಯಬಾರದು ಎಂದು ಯಾರೂ ಹೇಳಿಲ್ಲ. ಕೊಟ್ರಬಸಪ್ಪ. ಕೊಟ್ರಬಸಪ್ಪ.

ಮದುವೆಯಾಗಿ ಐವತ್ತೊಂದು ದಿನ. ಬೆಳಿಗ್ಗೆ ಇವರ ಕಾಲ್ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿದವಳು ನಾನೇ. ಇಲ್ಲಿ ಫುಟ್‌ಬಾಲು ಎಲ್ಲರೂ ಬರಿಗಾಲಲ್ಲೇ ಆಡುವುದು. ಅತ್ತೆ ನೋಡಿ, ಹಳೇ ಸೀರೆ ಎಷ್ಟು ಹರಿದಿ ಎಂದರು. ನಕ್ಕರು ಕೂಡ — ನಾನು ನೋಡಿದೆ.

ಈ ಸೀಮೆಯಲ್ಲಿ ವಾರದ ರಜೆ ಶುಕ್ರವಾರ. ಮುಂದಿನ ಶುಕ್ರವಾರವೇ ಗಂಗಾವತಿಯೊಡನೆ ಫೈನಲ್.

೨೪ ಜೂನ್, ಶುಕ್ರವಾರ, ರಾತ್ರಿ ಊಟದ ಮೊದಲು

ಸೋತೆವು. ಒಂದು–ಸೊನ್ನೆ. ಅಲ್ಲ... ಸೋತಿಲ್ಲ.

ಮೈದಾನದ ಪಕ್ಕದ ಶಾಹಜಾದಬಿಯವರ ಮಾಳಿಗೆಯಿಂದ ನೋಡಿದೆ. ಕೊನೆಗೆ ಐದು ನಿಮಿಷ ಇದ್ದಾಗ ಇವರು ಗೋಲು ಹೊಡೆದರು. ಎಂಥ ಗೋಲು! ರೆಫ್ರಿ ಮುದುಕಪ್ಪ ಮಾಸ್ತರು ಸೀಟಿ ಊದಿ ಆಫ್‌ಸೈಡ್ ಎಂದರು. ಬಾಲು ಇವರತ್ತ ಬಂದಾಗ ಮುಂದೆ ಗಂಗಾವತಿಯವರು ಇಬ್ಬರೇ ಇದ್ದರು, ಮೂವರಿರಬೇಕಿತ್ತು ಎಂದು. ಗಂಗಾವತಿಯ ಕ್ಯಾಪ್ಟನ್ ಓಬಳೆಪ್ಪ ಎಲ್ಲರಿಗೂ ಕೇಳುವಂತೆ ಅಂದ: "ಕೊಟ್ರಪ್ಪಾ, ಬಾಲು ಬರೂದ್ರೊಳಗ ಗೋಲಿನಾಗ ಮನಿ ಕಟ್ಕೊಂಡು ಕುಂತಿದ್ದೆಲ್ಲೋ ಮಾರಾಯ."

ಜನ ನಕ್ಕರು. ಇವರು ತಲೆ ತಗ್ಗಿಸಿದರು. ನನಗೆ ಮೈ ಉರಿಯಿತು.

ಬಳ್ಳಾರಿಯಲ್ಲಿ ಸೋಲ್ಜರುಗಳ ಮ್ಯಾಚು ಎಷ್ಟು ನೋಡಿಲ್ಲ ನಾನು, ಅಣ್ಣನ ಜೊತೆ! ಅಲ್ಲಿ ಇಬ್ಬರಿದ್ದರೆ ಸಾಕು. ಮನೆಗೆ ಬಂದೊಡನೆ ಹೇಳಿದೆ.

"ಬಳ್ಳಾರ್‍ಯಾಗ ಏನರ ಆಡ್ಲಿ," ಎಂದರು. "ನಮ್ಮ ರೂಲ್ಸ್ ಬುಕ್ಕಿನಾಗ ಮೂರು ಐತಿ."

ನಾನು ಬಳ್ಳಾರಿಯ ಸಾಲಿಯಲ್ಲಿ ಇಂಗ್ಲಿಷು ಕಲಿತವಳು, ಬುಕ್ಕು ತರಿಸಿ ನೋಡಿದೆ. ಇಂಗ್ಲಿಷಿನದು, ಮೂಲೆಯೆಲ್ಲ ಗೆದ್ದಲು. ಹಿಂದೆ ಯಾರೋ ಇಂಜಿನಿಯರ್ ಸಾಹೇಬರು ಕೊಟ್ಟು, ಒಮ್ಮೆ ಓದಿ ಅರ್ಥ ಹೇಳಿ, ವರ್ಗವಾಗಿ ಹೋದರಂತೆ. ಅಂದಿನಿಂದ ನಾಲ್ಕೂ ಊರಿನ ಕ್ಲಬ್ಬುಗಳು ಅದನ್ನೇ ಬಾಯಿಪಾಠ ಮಾಡಿಕೊಂಡಿವೆ. ಎಲ್ಲ ಉರ್ದು ಸಾಲಿಯಲ್ಲಿ ಓದಿದವರು, ಇಂಗ್ಲಿಷು ಬಾರದು, ಮತ್ತೆ ತೆರೆದು ನೋಡಿಲ್ಲ. ಮೂವರು ಎಂದೇ ಇದೆ, ನಿಜ. ಆದರೆ ಮೊದಲ ಪುಟದಲ್ಲಿ ಅಚ್ಚಾದ ವರ್ಷ — ೧೯೨೧! ಹದಿನೇಳು ವರ್ಷದ ಹಿಂದಿನ ಕಾನೂನು!

೨೫ ಜೂನ್

ಮುದುಕಪ್ಪ ಮಾಸ್ತರು ತಮ್ಮೂರು ಯಲಬುರ್ಗಾಕ್ಕೆ ಹೊರಡುವ ಮುಂಚೆ ಇವರು ಹೋಗಿ ಕೇಳಿದರು. ಮಾಸ್ತರು ಸಿಟ್ಟಾಗಲಿಲ್ಲ. ಹೊಸ ಬುಕ್ಕು ತರ್ರಿ, ಎರಡು ಅಂತ ಹೇಳಿದಾಕಿನೇ ಎರಡೂ ಟೀಮಿನ ಮುಂದ ಓದಿ ಹೇಳ್ಲಿ, ಇದ್ದದ್ದು ಒಪ್ಪತೀನಿ ಎಂದರಂತೆ. ಓದುವೆ! ಯಾಕೆ ಓದಬಾರದು?

ಒಂದೇ ತೊಡಕು. ಮಂಗಳವಾರದಿಂದ ಆಷಾಢ. ಹೊಸ ಸೊಸೆ ಅತ್ತೆಯೊಡನೆ ಒಂದೇ ಹೊಸ್ತಿಲು ದಾಟುವಂತಿಲ್ಲ. ನಾಳೆ ತವರಿಗೆ.

ಬಳ್ಳಾರಿ, ೩ ಜುಲೈ, ಭಾನುವಾರ

ಹೊಸ ಬುಕ್ಕು ಸಿಕ್ಕಿತು! ದಂಡಿನ ಕ್ಲಬ್ಬಿನಿಂದ ಅಣ್ಣ ತಂದ. ಇಬ್ಬರು — ಸ್ಪಷ್ಟವಾಗಿ ಇಬ್ಬರು. ೧೯೨೫ರಲ್ಲೇ ಬದಲಾಗಿದೆ. ಅಡುಗೆಮನೆಯಲ್ಲಿ ಕುಣಿದೆ. ಅವ್ವ, ಮದುವಿಯಾದಾಕಿ ನೀನು ಎಂದಳು.

ಅದೇ ದಿನ, ಮಧ್ಯಾಹ್ನ

ಹಾಳಾಗಲಿ.

ನೆನಪಾಯಿತು. ಮೊದಲರ್ಧದಲ್ಲಿ ಓಬಳೆಪ್ಪನದೂ ಒಂದು ಗೋಲನ್ನು ಮಾಸ್ತರು ಆಫ್‌ಸೈಡ್ ಎಂದು ತೆಗೆದುಹಾಕಿದ್ದರು. ಅವನ ಮುಂದೆಯೂ ಇಬ್ಬರೇ. ಆಗ ನಾನು ಮಾಳಿಗೆಯಿಂದ ಚಪ್ಪಾಳೆ ತಟ್ಟಿದ್ದೆ. ಈ ಬುಕ್ಕು ಓದಿದರೆ ಇವರದೊಂದು, ಅವರವು ಎರಡು. ಇವರ ಮೇಲಿನ ಮಾತು ಹೋಗುತ್ತದೆ, ಗೆದ್ದವರಿಗೆ ಕೊಡುವ ಕಪ್ಪು ಮಾತ್ರ ಗಂಗಾವತಿಗೇ.

ಯಾರಿಗೂ ನೆನಪಿಲ್ಲದಿರಬಹುದು. ಸುಮ್ಮನಿದ್ದರೆ... ಛೀ. ಬರೆದುಬಿಟ್ಟೆ, ಇವರಿಗೆ. ಎರಡೂ ಗೋಲಿನ ವಿಷಯ. ಪೋಸ್ಟ್ ಡಬ್ಬಿಗೆ ನಾನೇ ಹಾಕಿ ಬಂದೆ.

೭ ಜುಲೈ

ಪತ್ರವಿಲ್ಲ.

೯ ಜುಲೈ

ಇಲ್ಲ. ಸಿಟ್ಟಾಗಿದ್ದಾರೆಯೇ? ಆಗಲಿ. ಬರೆದದ್ದು ಸರಿಯೇ. ಆದರೂ ಅಂಚೆಯವನನ್ನು ಎರಡು ಸಲ ಕೇಳಿದೆ.

೧೨ ಜುಲೈ, ಮಂಗಳವಾರ

ಬಂತು! ನಾಲ್ಕು ಪುಟ! ಸಿಟ್ಟಲ್ಲ, ಗಂಗಾವತಿಗೆ ಹೋಗಿದ್ದರಂತೆ. ಓಬಳೆಪ್ಪನ ಅಂಗಡಿಗೇ ಹೋಗಿ, ನಿನ್ನ ಗೋಲೂ ಗೋಲೇ ಎಂದು ತಾವೇ ಹೇಳಿದರಂತೆ. ಓಬಳೆಪ್ಪ ಇವರನ್ನು ಕೂರಿಸಿದ. ಚಹಾ ತರಿಸಿದ. ಆಮೇಲೆ ಅಂದದ್ದನ್ನು ಇವರು ಹಾಗೆಯೇ ಬರೆದಿದ್ದಾರೆ: "ಹಂಗ ಕೊಟ್ಟ ಕಪ್ಪು ನನಗ ಬ್ಯಾಡ. ನಿಮ್ಮನಿಯಾಕಿ ಬಂದು ಓದ್ಲಿ, ಹೊಸ ಬುಕ್ಕಿನ ಮ್ಯಾಲೆ ಮೊದಲಿಂದ ಆಡೂಣು."

ಇದೇ ಶುಕ್ರವಾರ, ಹದಿನೈದು! ಮುದುಕಪ್ಪ ಮಾಸ್ತರೂ ಒಪ್ಪಿದ್ದಾರೆ. ಆಟಕ್ಕೆ ಮೊದಲು ನಾನು ಓದಬೇಕು, ಎಲ್ಲರ ಮುಂದೆ, ಕನ್ನಡದಲ್ಲಿ ಅರ್ಥ ಹೇಳಿ.

ಆಷಾಢ? ಅದಕ್ಕೂ ಕೊನೆಯ ಪುಟದಲ್ಲಿ ಉತ್ತರವಿದೆ. ಇವರು ಅಂಜುತ್ತ ಕೇಳಿದರಂತೆ. ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಲೂ ಇಲ್ಲ. "ಒಂದ ಮನ್ಯಾಗ ಇಬ್ಬರೂ ಇರಬಾರದು, ಅಷ್ಟ ಹೌದಲ್ಲ? ಆಕಿ ಬರ್ಲಿ. ನಾ ನಾಕು ದಿನ ಇಟಗಿಗೆ ತಂಗಿ ಮನಿಗೆ ಹೋಗ್ತೀನಿ. ಗಂಗಾವತಿಯವರ ಮುಂದ ಗಟ್ಟಿಯಾಗಿ ಓದಂತ ಹೇಳು."

ಓದುತ್ತೇನೆ ಅತ್ತೆ, ಇಟಗಿಗೂ ಕೇಳುವಂತೆ!

ಗೆಲ್ಲುತ್ತೇವೆ. ಇಬ್ಬರೆಂದರೆ ಇವರಿಗೆ ಮೈದಾನವೆಲ್ಲ ಬಯಲು. ಅದು ಓಬಳೆಪ್ಪನಿಗೂ ಹೌದು, ಇರಲಿ, ಆದರೂ ಗೆಲ್ಲುತ್ತೇವೆ. ಅವ್ವ ಟ್ರಂಕು ತೆರೆದಿದ್ದಾಳೆ. ತಂತಿ ಕೊಡಲು ಅಣ್ಣ ಬಾಗಿಲಲ್ಲಿ ನಿಂತಿದ್ದಾನೆ, ಮಾತಿಗಿಷ್ಟು ದುಡ್ಡು, ಚಿಕ್ಕದಾಗಿ ಹೇಳು ಎನ್ನುತ್ತಾನೆ. ಹೇಳಿದೆ: ಗುರುವಾರ, ಗುಂತಕಲ್–ಹುಬ್ಬಳ್ಳಿ ಪ್ಯಾಸೆಂಜರ್, ಬುಕ್ಕಿನೊಡನೆ ಬರುವೆ.